ಬೈಂಡಿಂಗ್ ಅಕ್ಕ ಕೂಡಿಸಿದ ಎರಡು ಕಚೇರಿ

ಮೊನ್ನೆ ಕಚೇರಿಯ ಹಿಂದೆ ಯಾರೋ ಮೈದಾ ಅಂಟು ಕುದಿಸುತ್ತಿದ್ದರು. ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಆ ಒಗರು ವಾಸನೆ ಬಡಿದದ್ದೇ ತಡ, ಬೈಂಡಿಂಗ್ ಅಕ್ಕ ಕಣ್ಣ ಮುಂದೆ ಬಂದಳು…

ನಾನಾಗ ಬಳ್ಳಾರಿಯ ಗ್ರಂಥಾಲಯದಲ್ಲಿ ಹೊಸ ಗುಮಾಸ್ತೆ. ನಮಗೂ ಪಕ್ಕದ ಹಳೆಯ ದಾಖಲೆಗಳ ಭಂಡಾರಕ್ಕೂ ನಡುವೆ ಒಂದೇ ಗೋಡೆ. ಆದರೆ ಅಧಿಕಾರಿ ಬೇರೆ, ಬೀಗ ಬೇರೆ, ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಎರಡೂ ಕಡೆ ತಡೆಯಿಲ್ಲದೆ ಓಡಾಡುತ್ತಿದ್ದವಳು ಅಕ್ಕ ಒಬ್ಬಳೇ. ಸಿರುಗುಪ್ಪದ ಬೌದ್ಧ ಮನೆತನದವಳು. ಬೆಳಗಿನ ಬಸ್ಸಿಗೆ ಬಂದು ನಮ್ಮ ಹರಿದ ಪುಸ್ತಕ, ಅವರ ಹರಿದ ಕಡತ ಎರಡನ್ನೂ ಹೊಲಿಯುತ್ತಿದ್ದಳು. ಓದಿದ್ದು ಏಳನೇ ತರಗತಿ. ಬಳ್ಳಾರಿ ಮದ್ರಾಸಿಗೆ ಸೇರಿದ್ದ ಕಾಲದ ತೆಲುಗು ಬರಹವನ್ನು ಮಾತ್ರ ನೀರು ಕುಡಿದಂತೆ ಓದುತ್ತಿದ್ದಳು.

ಒಂದು ದಿನ ಕುರುಗೋಡಿನ ಕೇರಿಯೊಂದರ ಹೆಂಗಸರು ಬಂದರು. ಅವರ ಮನೆಗಳಿದ್ದ ಜಾಗ ಬೀಳುಭೂಮಿ ಎಂದು ತೋರಿಸಿ ಯಾರೋ ಕಲ್ಲು ಒಡೆಯಲು ಗುತ್ತಿಗೆ ಕೇಳಿದ್ದರು. ಜಾಗ ಹಿಂದೆ ಸರ್ಕಾರವೇ ಅಜ್ಜಂದಿರಿಗೆ ಕೊಟ್ಟದ್ದೆನ್ನಲು ಪುರಾವೆ ಬೇಕಿತ್ತು. ವಿಚಾರಣೆಗೆ ನಾಲ್ಕೇ ದಿನ. ನಾವು ಭಂಡಾರಕ್ಕೆ ಹೋಗಿ ಎಂದೆವು. ಅವರು ಗ್ರಂಥಾಲಯಕ್ಕೆ ಹೋಗಿ ಎಂದರು. ಮೂರನೇ ಸಲ ತಿರುಗಿ ಬಂದಾಗ ಹಿರಿಯಳೊಬ್ಬಳು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಮನಿ ಕಳಕೊಂಡು ಎಲ್ಲಿಗೆ ಹೋಗೂಣು ನೀವ ಹೇಳ್ರಿ," ಎಂದಳು. ನನಗೆ ಮುಖವೆತ್ತಲಾಗಲಿಲ್ಲ.

ಅಕ್ಕ ಸೂಜಿ ಕೆಳಗಿಟ್ಟು ಎದ್ದಳು. ನಮ್ಮ ಕಪಾಟಿನಿಂದ ಹಳೆಯ ಜಮೀನು ಪುಸ್ತಕವೊಂದನ್ನು ತಂದಳು. ಅದರಲ್ಲಿ ಕೇರಿಯ ಅಜ್ಜಂದಿರ ಹೆಸರುಗಳಿದ್ದವು, ಜಾಗದ ನಕ್ಷೆ ಮಾತ್ರ ಕಿತ್ತುಹೋಗಿತ್ತು. ಆಮೇಲೆ ಭಂಡಾರಕ್ಕೆ ನುಗ್ಗಿ, ಹಿಂದೊಮ್ಮೆ ದುರಸ್ತಿಗೆ ತನ್ನ ಕೈಗೆ ಬಂದಿದ್ದ, ಯಾವ ಊರಿನದೆಂದು ಬರೆಯದ ನಕ್ಷೆಯೊಂದನ್ನು ಎತ್ತಿಕೊಂಡು ಬಂದಳು. ಹಿಂದೆಯೇ ಅಲ್ಲಿಯ ಅಧಿಕಾರಿ ಕೂಗುತ್ತ ಬಂದರು. ನಮ್ಮ ಅಧಿಕಾರಿಯೂ ಕೂಗತೊಡಗಿದರು. ಅಕ್ಕ ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ನಕ್ಷೆಯ ಅಂಚನ್ನು ಪುಸ್ತಕದ ಬೆನ್ನಿಗೆ ಹಿಡಿದಳು.

"ಸೂಜಿ ತೂತು ನೋಡ್ರಿ ಸಾರ್. ಏಳಕ್ಕ ಏಳೂ ಕೂಡ್ತಾವು. ಇದು ಒಂದ ಪುಸ್ತಕ ಐತಿ. ನೀವು ಹರದು ಹಂಚ್ಕೊಂಡೀರಿ!"

ಇಬ್ಬರೂ ಬಗ್ಗಿ ನೋಡಿದರು. ತೂತುಗಳನ್ನು ತಾವೇ ಒಂದೊಂದಾಗಿ ಎಣಿಸಿದರು. ಅಂದು ಸಂಜೆಯೊಳಗೆ ಒಂದೇ ಪ್ರಮಾಣಪತ್ರದ ಮೇಲೆ ಇಬ್ಬರ ಸಹಿಯೂ ಬಿತ್ತು.

ಕೇರಿ ಉಳಿಯಿತು. ಹೆಂಗಸರು ಬುಟ್ಟಿ ತುಂಬ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಹೊತ್ತು ತಂದರು. ಎರಡೂ ಕಚೇರಿಯವರು ಮೊದಲ ಸಲ ಒಟ್ಟಿಗೆ ಕೂತು ತಿಂದೆವು. ಅಲ್ಲಿಯೇ ಇಬ್ಬರು ಅಧಿಕಾರಿಗಳೂ ಸೇರಿ ಮೇಲಿನವರಿಗೆ ಕಾಗದ ಬರೆದರು. ಆದೇಶ ಬರಲು ವರ್ಷಗಳೇ ಹಿಡಿದವು. ಆದರೂ ಬಂತು: ಗ್ರಂಥಾಲಯ, ಭಂಡಾರ ಇನ್ನು ಒಂದೇ ಸಂಸ್ಥೆ, ಒಂದೇ ಪಟ್ಟಿ.

ಗೋಡೆ ಒಡೆಯುವ ದಿನ ಮೊದಲ ಸುತ್ತಿಗೆಯನ್ನು ಅಕ್ಕನ ಕೈಗೆ ಕೊಟ್ಟೆವು.

"ಹೊಡೀಲೇನ್ರಿ?" ಎಂದಳು, ನಾಚುತ್ತ.

"ಹೊಡಿ ಅಕ್ಕ!" ಎಂದು ಎಲ್ಲರೂ ಕೂಗಿದೆವು. ಇಟ್ಟಿಗೆ ಉರುಳಿತು. ಧೂಳಿನಲ್ಲಿ ಯಾರು ಯಾವ ಕಚೇರಿಯವರೆಂದು ಗುರುತೇ ಸಿಗಲಿಲ್ಲ.

ಅಕ್ಕ ಹೋಗಿ ಎರಡು ವರ್ಷವಾಯಿತು. ಗೋಡೆಯಿದ್ದ ಜಾಗದ ಪಕ್ಕ ತೂಗುಹಾಕಲು ಫೋಟೋ ಕೇಳಿದರೆ ಅವಳ ಮನೆಯಲ್ಲಿ ಸಿಕ್ಕಿದ್ದು ಬಸ್ ಪಾಸಿನದೊಂದೇ. ಅದನ್ನೇ ದೊಡ್ಡದು ಮಾಡಿಸಿದೆವು. ಮುಖ ಮಸುಕಾಗಿದೆ, ಕಣ್ಣು ಮಾತ್ರ ನಿಚ್ಚಳ.

ಹೊಸದಾಗಿ ಬಂದವರು ನಿಂತು ಕೇಳುತ್ತಾರೆ, "ಇವ್ರು ಇಲ್ಲಿ ದೊಡ್ಡ ಆಫೀಸರ್ ಇದ್ರೇನ್ರಿ?"

"ಹೌದ್ರಿ," ಎನ್ನುತ್ತೇನೆ.