ಸೀಳಿದ ಗುಂಡಿಗೆ

ನನ್ನ ಹೆಂಡತಿ ರಂಗಂಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಆ ಶನಿವಾರ ಅವಳ ಪಾಠ ನೋಡಲು ಶಹಾಪುರದಿಂದ ಐವರು ಶಿಕ್ಷಕರು ಬರುವವರಿದ್ದರು. ರಕ್ತ ಪರಿಚಲನೆಯ ಪಾಠ. ಆಡಿನ ಗುಂಡಿಗೆಯ ಒಂದು ನಾಳಕ್ಕೆ ನೀರು ಹೊಯ್ದು, ಅದು ಇನ್ನೊಂದು ನಾಳದಿಂದ ಹೊರಬರುವುದನ್ನು ತೋರಿಸುತ್ತೇನೆಂದು ಮೊದಲೇ ಬರೆದು ಕಳಿಸಿದ್ದಳು. ಅದಕ್ಕೆ ಇಡೀ ಗುಂಡಿಗೆ ಬೇಕು. ತರುವ ಕೆಲಸ ನನ್ನದು.

ಬೆಳಿಗ್ಗೆ ಏಳಕ್ಕೆ ಮಟನ್ ಅಂಗಡಿಗೆ ಹೋದೆ. "ಚಾಚಾ, ಒಂದು ಗುಂಡಿಗಿ ಕೊಡ್ರಿ" ಎಂದವನು, ನಾನು ಕೆಲಸ ಮಾಡುವ ಪತ್ರಿಕೆಯ ಕಚೇರಿಯಿಂದ ಫೋನ್ ಬಂತೆಂದು ಪಕ್ಕಕ್ಕೆ ಸರಿದೆ. ತಿರುಗಿ ನೋಡುವಷ್ಟರಲ್ಲಿ ಚಾಚಾ ಅದನ್ನು ಉದ್ದಕ್ಕೆ ಸೀಳಿ, ಒಳಗಿನ ಹೆಪ್ಪುರಕ್ತ ತೊಳೆದಿದ್ದ.

"ಅಯ್ಯ, ಯಾಕ ಸೀಳಿದ್ರಿ?"

"ರಕ್ತ ತುಂಬಿದ್ದು ಕೊಟ್ರ ನಿಮ್ಮ ಮನಿಯವ್ರು ನನ್ನ ಗುಂಡಿಗಿ ಕೀಳ್ತಾರ ಸಾಬ್. ನಮ್ಮ ಅಬ್ಬಾನ ಕಾಲದಿಂದ ಹಿಂಗ ಕೊಡಾಕತ್ತೀವಿ."

"ತಿನ್ನಾಕಲ್ರಿ, ಸಾಲಿಗೆ."

"ಸಾಲ್ಯಾಗ ಗುಂಡಿಗಿನೂ ಬೇಯಸ್ತಾರೇನ್ರಿ ಈಗ?"

ಅವತ್ತು ಕಡಿದದ್ದು ಅದೊಂದೇ ಆಡು. ಮೊದಲೇ ಹೇಳದ ತಪ್ಪು ನನ್ನದು.

ಮನೆಯಲ್ಲಿ ಹೆಂಡತಿ ಪೊಟ್ಟಣ ಬಿಚ್ಚಿದಳು. "ಪೇಪರಿನವ್ರಿಗೆ ಒಂದು ಮಾತು ನೆಟ್ಟಗ ಹೇಳಾಕ ಬರಂಗಿಲ್ಲೇನ್ರಿ? ಐದು ಮಂದಿ ಮುಂದ ನಾ ಏನ್ ತೋರಸ್ಲಿ?" ಸೀಳಿದ ಎರಡು ಬದಿಗಳನ್ನೂ ಬೆರಳಿನಿಂದ ಅಗಲಿಸಿ ನೋಡಿ, "ಮಾರ್ಕೆಟ್ಟಿಗಿ ಹೋಗ್ರಿ. ಒಂದು ಮೀನ, ಒಂದು ಏಡಿ ತರ್ರಿ. ಯಾವುದನ್ನೂ ಕೊಯ್ಸಬ್ಯಾಡ್ರಿ" ಎಂದಳು.

ಹತ್ತಕ್ಕೆ ಪಾಠ ಶುರುವಾಯಿತು. ನಾನು ಹಿಂದೆ ನಿಂತಿದ್ದೆ. ಮೊದಲು ಏಡಿಯ ಬೆನ್ನಿನ ಚಿಪ್ಪು ತೆಗೆದಳು. ಅದರ ರಕ್ತ ನಾಳಗಳಿಂದ ಹೊರಬಂದು ಅಂಗಗಳನ್ನೇ ತೋಯಿಸಿ, ಮತ್ತೆ ಗುಂಡಿಗೆ ಸೇರುತ್ತದೆ. ತೆಳ್ಳನೆಯ ದ್ರವ, ಗಾಳಿ ಸೋಕಿದ ಮೇಲೆ ತುಸು ನೀಲಿ. ಮೀನಿನ ಗುಂಡಿಗೆಗೆ ಎರಡೇ ಕೋಣೆ. ರಕ್ತ ಕಿವಿರಿಗೆ ಹೋಗಿ, ಆಮ್ಲಜನಕ ಹೊತ್ತು, ಅಲ್ಲಿಂದಲೇ ಮೈಗೆಲ್ಲ ಹೋಗುತ್ತದೆ. ಕೊನೆಗೆ ಆಡಿನದು. ನಾಲ್ಕೂ ಕೋಣೆ ತೆರೆದೇ ಇದ್ದವು. ಮಕ್ಕಳು ಸಾಲಾಗಿ ಬಂದು ಗೋಡೆಗಳನ್ನು ಹಿಸುಕಿ ನೋಡಿದರು.

"ಟೀಚರ್, ಈ ಕಡಿ ದಪ್ಪ ಐತ್ರಿ" ಎಂದಳು ಒಬ್ಬಳು.

"ಯಾಕ?"

"ಆ ಕಡೀದು ಬಾಜೂಕಿನ ಶ್ವಾಸಕೋಶಕ್ಕ ಕಳಸ್ತದ. ಇದು ಕಾಲಿನ ತನಕ ದೂಡಬೇಕಲ್ರಿ."

ಪಾಠ ಮುಗಿದ ಮೇಲೆ, ನೀರಿನ ಪ್ರಯೋಗ ತಪ್ಪಿದ್ದನ್ನು ಹೆಂಡತಿ ತಾನೇ ಹೇಳಿದಳು. ಬಂದವರಲ್ಲಿ ಹಿರಿಯರು ತಮ್ಮ ವರದಿಯಲ್ಲಿ ಎರಡು ಸಾಲು ಬರೆದು ಅವಳಿಗೆ ತೋರಿಸಿದರು: "ನೀರಿನ ಪ್ರಯೋಗ ಆಗಿಲ್ಲ. ಪಾಠ ಆಗಿದೆ."