ಕಿಟಕಿ ಸೀಟಿನ ಸರದಿ

ಪರೇಲ್‌ನ ಆ ವಿಮಾ ಕಚೇರಿಯ ನೌಕರರ ನೆಮ್ಮದಿಗೆ ರಿಸೆಪ್ಷನ್‌ನಲ್ಲಿ ನಾವು ಗಿಡ ಬೆಳೆಸಿದ ಹಸಿರು ಗೋಡೆಯೇ ಕಾರಣ ಎಂದು ನಮ್ಮ ವಿನ್ಯಾಸ ಸಂಸ್ಥೆಯವರು ಹೊಸ ಗ್ರಾಹಕರಿಗೆಲ್ಲ ಹೇಳುತ್ತಾರೆ. ಫೋಟೊ ಕೂಡ ತೋರಿಸುತ್ತಾರೆ. ಗೋಡೆ ಚೆನ್ನಾಗಿಯೇ ಇದೆ, ಒಪ್ಪೋಣ. ಆದರೆ ಅದೇ ಕಾರಣವಾಗಿದ್ದರೆ, ಗೋಡೆ ಬಂದ ಮೇಲೂ ಅಲ್ಲಿನ ಉದ್ಯೋಗಿ ಶಾಂತಕ್ಕ ಕೆಲಸ ಬಿಡಲು ಹೊರಟದ್ದೇಕೆ?

ಕೋವಿಡ್ ನಂತರ ಕಚೇರಿಗಳು ಮತ್ತೆ ತುಂಬುತ್ತಿದ್ದ ಕಾಲ. ನಾನು ಕಿರಿಯ ಆರ್ಕಿಟೆಕ್ಟ್. ಗಿಡ, ಬೆಳಕು, ಗಾಳಿ, ಹೊರಗಿನ ನೋಟ ಇವನ್ನು ಕಟ್ಟಡದೊಳಕ್ಕೆ ತರುವುದಕ್ಕೆ ನಮ್ಮಲ್ಲಿ ಬಯೋಫಿಲಿಕ್ ಡಿಸೈನ್ ಎನ್ನುತ್ತಾರೆ. ಜನ ಬಂದು ಕೂತ ಮೇಲೆ ‘ಹೇಗಿದೆ?’ ಎಂದು ವಿಚಾರಿಸುವುದು ಪೋಸ್ಟ್ ಆಕ್ಯುಪೆನ್ಸಿ ಸರ್ವೆ. ನನ್ನನ್ನು ಕಳಿಸಿದ್ದು ಅದಕ್ಕೆ; ಹೊಗಳಿಕೆ ಹೊತ್ತು ತರುತ್ತಾಳೆಂಬ ನಂಬಿಕೆಯಿಂದ.

ಶಾಂತಕ್ಕ ವಿಜಯಪುರದ ಕಡೆಯವರು. ಅವರ ಕ್ಲೇಮ್ ವಿಭಾಗ ಹಾಲ್‌ನ ನಟ್ಟನಡುವೆ, ಟ್ಯೂಬ್‌ಲೈಟ್‌ಗಳ ಕೆಳಗಿತ್ತು. ಗೋಡೆ ಹೇಗನಿಸುತ್ತದೆ ಎಂದು ಕೇಳಿದೆ.

“ಚಂದ ಐತಿ ತಂಗಿ. ಮುಂಜಾನೆ ಬರೂಮುಂದ ನೋಡ್ತೀನಿ, ಸಂಜಿಕ ಹೋಗೂಮುಂದ ನೋಡ್ತೀನಿ. ನಡುವ ಇಡೀ ದಿನ ಈ ಕಂಬ ನೋಡ್ತೀನಿ. ಮಧ್ಯಾಹ್ನ ಆತಂದ್ರ ತಲಿ ಸಿಡಿತೈತಿ. ಈ ತಿಂಗಳ ಮುಗಿಸಿ ಬಿಟ್ಟಬಿಡ್ತೀನಿ.”

ಅವರ ಮಗಳ ಕಾಲೇಜು ಇನ್ನೂ ಮುಗಿದಿರಲಿಲ್ಲ; ಮನೆ ನಡೆಯುತ್ತಿದ್ದುದು ಈ ಕೆಲಸದಿಂದಲೇ.

ಕಿಟಕಿಗಳು ಇರಲಿಲ್ಲವೆಂದಲ್ಲ. ಹಳೆ ಮಿಲ್ ಆವರಣದ ದೊಡ್ಡ ಮರಕ್ಕೆ ಎದುರಾಗಿ ಒಂದು ಸಾಲು ಇತ್ತು. ಅಲ್ಲಿ ಹಿರಿಯ ನೌಕರರು ಕೂರುತ್ತಿದ್ದರು. ಉಳಿದ ಎರಡು ಕಿಟಕಿಗಳು ಮ್ಯಾನೇಜರ್ ಶೆಟ್ಟರ ಕ್ಯಾಬಿನ್‌ಗೆ ಸೇರಿದ್ದವು. ಮುಂದಿನ ವಾರ ಅಲ್ಲಿನ ನೌಕರರ ಸಭೆಯಲ್ಲಿ ವಾದಿಸಿದೆ: ಗೋಡೆ ಇರುವುದು ಬಂದು ಹೋಗುವವರ ಕಣ್ಣಿಗೆ, ದಿನವಿಡೀ ಕೂರುವವರಿಗೆ ಏನಿದೆ?

ಶೆಟ್ಟರು ನಕ್ಕರು. “ಕಿಟಕಿ ನಾನು ಎಲ್ಲಿಂದ ತರುದು ಮಾರಾಯ್ರೆ? ಬಿಲ್ಡಿಂಗ್ ಒಡೀಲಿಕ್ಕೆ ಆಗ್ತದಾ?”

ಶಾಂತಕ್ಕ ಎದ್ದರು.

“ಸರ್, ನಮ್ಮ ಡೊಂಬಿವಲಿ ಲೋಕಲ್‌ನ್ಯಾಗ ಕುಂತವ್ರು ನಡುದಾರ್ಯಾಗ ಠಾಣೆ ಬಂದ್ರ ತಾವ ಎದ್ದು ನಿಲ್ತಾರ, ನಿಂತವ್ರು ಕುಂದರ್ತಾರ. ರೈಲ್ವೆದವ್ರು ಸೀಟ್ ಹೆಚ್ಚಿಗಿ ಮಾಡ್ಯಾರೇನ್ರಿ? ಊಟ ಆದಮ್ಯಾಲೆ ಕಿಟಕಿಗಿ ನಾವು ಕುಂದರ್ತೀವಿ.”

ಕಿಟಕಿ ಸಾಲಿನ ರಾವ್ ಹುಬ್ಬು ಗಂಟಿಕ್ಕಿದರು. “ನಾನು ಇಲ್ಲಿ ಸೀನಿಯರ್.”

“ಹೌದ್ರಿ, ಅದಕ್ಕ ಮುಂಜಾನೆ ನೀವ ಕುಂದರ್ರಿ. ಆ ಕಿಟಕಿಗೇನು ಪಾಸ್ ತಗಸೀರೇನು?”

ಸಭೆ ನಕ್ಕಿತು, ತುಸು ತಡವಾಗಿ ರಾವ್ ಕೂಡ. “ಆಯ್ತು, ಒಂದು ತಿಂಗಳು ನೋಡುವ,” ಎಂದರು ಶೆಟ್ಟರು.

ಮೊದಲ ವಾರ ಚಾರ್ಜರ್‌ಗಾಗಿ ಜಗಳ, ರಾವ್ ಅವರ ಕುರ್ಚಿಯ ದಿಂಬು ಕಾಣೆಯಾದ ದೂರು. ಆಮೇಲೆ ಊಟ ಮುಗಿಯುತ್ತಲೇ ರಾವ್ ತಾವೇ ಲ್ಯಾಪ್‌ಟಾಪ್ ಎತ್ತಿಕೊಂಡು, “ಬನ್ನಿ ಶಾಂತಾ ಬಾಯಿ, ಮರಕ್ಕೆ ಗಿಳಿ ಬಂದಿವೆ,” ಎಂದು ಕರೆಯತೊಡಗಿದರು. ಶಾಂತಕ್ಕನ ತಲೆನೋವು ಕಿಟಕಿಯಿಂದಲೇ ಇಳಿಯಿತೆಂದು ವಾದಿಸಲು ನನ್ನ ಬಳಿ ಪುರಾವೆಯಿಲ್ಲ. ಗಿಳಿಯಿಂದಲೋ, ಎದ್ದು ನಾಲ್ಕು ಹೆಜ್ಜೆ ನಡೆದದ್ದರಿಂದಲೋ, ತನ್ನ ಮಾತು ನಡೆಯಿತೆಂಬುದರಿಂದಲೋ ಗೊತ್ತಿಲ್ಲ. ತಿಂಗಳು ಮುಗಿಯಿತು, ಅವರು ಕೆಲಸ ಬಿಡಲಿಲ್ಲ.

ಪ್ರಕೃತಿಯನ್ನು ಒಳಗೆ ತರುವ ಮೊದಲು, ಆಗಲೇ ಒಳಗೆ ಬಂದಿರುವ ಬೆಳಕು ಯಾರ ಪಾಲಾಗಿದೆ ಎಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇದು.

ವರದಿ ಕೊಡಲು ಶೆಟ್ಟರ ಕ್ಯಾಬಿನ್‌ಗೆ ಹೋದೆ. “ಎಲ್ಲ ಖುಷಿಯಲ್ಲಿದ್ದಾರೆ. ಒಳ್ಳೇದಾಯ್ತು,” ಎಂದರು. ಅವರ ಬೆನ್ನ ಹಿಂದಿನ ಎರಡು ಕಿಟಕಿಗಳ ಪರದೆ ಪೂರ್ತಿ ಇಳಿದಿತ್ತು.

“ಸರ್, ಇವೆರಡು ಯಾವಾಗ ಸರದಿಗೆ ಬರುತ್ತವೆ?”