ಒಡಪಿಲ್ಲದ ಹೆಸರು

ತಾಯಿಯಿಲ್ಲದ ನನ್ನನ್ನು ಸೊರಬದ ಮನೆಯಲ್ಲಿ ಸಾಕಿದವರು ದೊಡ್ಡಮ್ಮ, ದೊಡ್ಡಪ್ಪ. ಆಗೆಲ್ಲ ಹೆಂಡತಿ ಗಂಡನ ಹೆಸರನ್ನು ಬರಿದೇ ಹಿಡಿಯುವಂತಿರಲಿಲ್ಲ. ಮದುವೆಮನೆಯ ಬಾಗಿಲಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಪ್ರಾಸದ ಎರಡು ಸಾಲಿನ ಒಡಪು ಕಟ್ಟಿ, ಕೊನೆಗೆ ಹೆಸರು ಸಿಕ್ಕಿಸಬೇಕು. ದೊಡ್ಡಮ್ಮ ಅದರಲ್ಲಿ ಎತ್ತಿದ ಕೈ. ಹಾಗಲಕಾಯಿ ಪಲ್ಯದಿಂದ ಹೊರಟು, ಉಳವಿ ಬಸ್ಸು ಹತ್ತಿ, ಗಂಡನ ಹೆಸರಿಗೆ ಬಂದು ಇಳಿಯುತ್ತಿದ್ದಳು. ಮಾತೇ ಆಡದ ದೊಡ್ಡಪ್ಪ ಎಲ್ಲಿದ್ದರೂ ಕಿವಿಗೊಡುತ್ತಿದ್ದ.

ಐವತ್ತರ ದಶಕದ ಕೊನೆಗೆ ಅವಳ ನಾಲಿಗೆ ದಪ್ಪವಾಗತೊಡಗಿತು. ಎಲೆಯಡಿಕೆಯ ಸುಣ್ಣ ಸುಟ್ಟಿದೆ ಎಂದರು. ಎಲೆ ಬಿಟ್ಟಳು, ತುಪ್ಪ ಸವರಿದಳು. ಆಮೇಲೆ ಕಣ್ಣಿನ ಸುತ್ತ ನೀಲಿ. ಜೋರಾಗಿ ಕೆಮ್ಮಿದರೂ ಸಾಕು, ರೆಪ್ಪೆ ಕಪ್ಪಿಡುತ್ತಿತ್ತು. ಊರಿಗೆ ಮಾತ್ರ ಅದು ಗುದ್ದು ತಿಂದ ಕಣ್ಣು.

"ಅಕ್ಕಾ, ಅಣ್ಣ ಕೈ ಮಾಡ್ತಾರಾ?" ಬಾವಿಕಟ್ಟೆಯಲ್ಲಿ ಕೇಳಿದರು. ಇಲ್ಲ ಎನ್ನಲು ಹೋಗಿ ದೊಡ್ಡಮ್ಮ ತೊದಲಿದಳು. ಅದನ್ನು ಅಳು ಎಂದುಕೊಂಡರು. ಇರುವೆ ಕಂಡರೂ ದಾಟಿಕೊಂಡು ಹೋಗುವ ದೊಡ್ಡಪ್ಪನ ಪಕ್ಕ ಯಾರೂ ಕೂರದಂತಾಯಿತು. ಆ ಜನರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನನ್ನನ್ನು ಕೊಟ್ಟಿದ್ದು ಶಿಕಾರಿಪುರಕ್ಕೆ. ಮನೆತುಂಬಿಸುವ ದಿನ ದೊಡ್ಡಪ್ಪ, ತನ್ನ ಮೋರೆ ನೋಡಿ ದೊಡ್ಡಮ್ಮನನ್ನು ಕೆಣಕಿಯಾರೆಂದು, ದೂರದಲ್ಲಿ ಬಂಡಿಯ ಹತ್ತಿರವೇ ಉಳಿದ. ಬೀಗರ ಹೆಂಗಸರು ಹಿರಿಯಳೆಂದು ದೊಡ್ಡಮ್ಮನನ್ನೇ ಮೊದಲು ತಡೆದರು.

"ಹೆಸರು ಹೇಳ್ರೀ, ಒಳಗ ಬಿಡ್ತೀವಿ."

ಒಬ್ಬಳು ಅವಳ ಕಣ್ಣು ನೋಡಿದಳು. "ಬಿಡ್ರೇ, ಪಾಪ. ಹೊಡಿಯೋ ಗಂಡನ ಹೆಸರು ಯಾಕ್ ಹೇಳ್ತಾರ?"

ದೊಡ್ಡಮ್ಮ ಬಾಗಿಲು ಹಿಡಿದು ನಿಂತಳು. ಒಡಪು ಬರಲಿಲ್ಲ. ಬರೀ ಹೆಸರು ಬಂತು, ದಪ್ಪಗೆ, ಮುದ್ದೆಯಾಗಿ, ಆದರೆ ಪೂರ್ತಿ. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು. ಯಾರೂ ನಗಲಿಲ್ಲ. ಬಂಡಿಯವರೆಗೆ ಅದು ಕೇಳಿಸಲಿಲ್ಲ. ಮುಂದಿನ ಯುಗಾದಿಗೆ ಅವಳಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ವೈದ್ಯರೊಬ್ಬರು ನಾನು ಹೇಳಿದ್ದನ್ನೆಲ್ಲ ಕೇಳಿ, ಅಮಿಲಾಯ್ಡ್ ಇರಬೇಕು ಎಂದರು. ಮೈಯಲ್ಲಿ ಹುಟ್ಟುವ ಪ್ರೋಟೀನು ಸರಿಯಾಗಿ ಮಡಚಿಕೊಳ್ಳಬೇಕಂತೆ. ತಪ್ಪಾಗಿ ಮಡಚಿಕೊಂಡವು ಒಂದಕ್ಕೊಂದು ಅಂಟಿ, ಕರಗದ ಎಳೆಗಳಾಗಿ ನಾಲಿಗೆಯಲ್ಲಿ, ಹೃದಯದಲ್ಲಿ ಕೂರುತ್ತವೆ. ರಕ್ತನಾಳದ ಗೋಡೆಯಲ್ಲಿ ಕೂತರೆ ನಾಳ ಸುಮ್ಮನೆ ಒಡೆಯುತ್ತದೆ. ಆ ನೀಲಿ ಅದೇ. ಅವಳ ನಾಲಿಗೆ ದಪ್ಪವಾಗುತ್ತಿದ್ದ ಕಾಲದಲ್ಲೇ ಎಲ್ಲೋ ಪರದೇಶದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಎಳೆಗಳನ್ನು ಮೊದಲ ಸಲ ಕಂಡರಂತೆ. ನಾನು ಸೊರಬದ ಬಸ್ಸು ಹತ್ತಿದೆ.

"ದೊಡ್ಡಪ್ಪ, ಅದು ಕಾಯ್ಲೆ. ನಿಂದೇನೂ ತಪ್ಪಿರ್ಲಿಲ್ಲ."

"ಅದು ನಂಗೊತ್ತಲ್ಲೇ ಮಗಾ. ಅವ್ಳಿಗೂ ಗೊತ್ತಿತ್ತು." ಆಮೇಲೆ ಪ್ರತಿ ಸಲ ಕೇಳುವುದನ್ನೇ ಕೇಳಿದ. "ಅವತ್ತು ಬಾಗ್ಲಲ್ಲಿ ಹೆಂಗ್ ಹೇಳಿದ್ಲು, ಹೇಳು."

ಹಿರಿಯರ ಹೆಸರು ಹಿಡಿಯಬಾರದೆಂದು ಅಷ್ಟು ವರ್ಷ ಮಾತು ಮರೆಸುತ್ತಿದ್ದೆ. ಅಂದು ನಾಲಿಗೆಯನ್ನು ಹಲ್ಲಿಗೊತ್ತಿ, ದಪ್ಪ ಮಾಡಿಕೊಂಡು, ಹೇಳಿದೆ.

ದೊಡ್ಡಪ್ಪ ಕಣ್ಣು ಮುಚ್ಚಿ, "ಓ" ಎಂದು ಓಗೊಟ್ಟ.